ಎಷ್ಟು ಅಂಗಿ, ಎಂಥ ಅಂಗಿ?



ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚುವ ಹೊತ್ತಿಗೆ ನಮ್ಮ ಪೇಟೆಬೀದಿಗಳು ಆಗಲೇ ಕ್ರಿಸ್ಮಸ್ ಮುಗಿಸಿಬಿಡುವ ಆತುರದಲ್ಲಿರುತ್ತವೆ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಗೆ ಹೋಗಲು ಪುರುಸೊತ್ತಿಲ್ಲದವರ ಮನೆಬಾಗಿಲಿಗೆ ಪಾರ್ಸೆಲ್ ಹುಡುಗರು ದಿನಕ್ಕೆರಡು ಸಲ ಬರುತ್ತಾರೆ. ಎರಡು ಕೊಂಡರೆ ಒಂದು ಉಚಿತ, ಈಗ ಕೊಂಡು ಆಮೇಲೆ ಕಂತು ಕಟ್ಟಿ, ಇಂದು ಮಧ್ಯರಾತ್ರಿಗೆ ರಿಯಾಯಿತಿ ಮುಗಿಯುತ್ತದೆ ಎಂಬ ಸಂದೇಶಗಳು ದೇವಾಲಯದಲ್ಲಿ ಮಂಡಿಯೂರಿದ್ದಾಗಲೂ ಕಿಸೆಯೊಳಗೆ ಗುಂಯ್‌ಗುಟ್ಟುತ್ತವೆ.

ಹಬ್ಬಕ್ಕೆ ಹೊಸ ಬಟ್ಟೆ ತೊಡಬೇಡಿ ಎನ್ನುವ ಗುರು ನಾನಲ್ಲ. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಹೊಸ ಲಂಗ ತೊಟ್ಟು ಬಂದ ಪುಟ್ಟ ಹುಡುಗಿ ಗೋದಲಿಯ ಮುಂದೆ ಒಂದು ಸುತ್ತು ತಿರುಗಿ ನೋಡಿಕೊಳ್ಳುವುದನ್ನು ಕಂಡಾಗ ಬಾಲಯೇಸುವೂ ನಕ್ಕಿರಬೇಕು ಅನ್ನಿಸುತ್ತದೆ. ಸಂತೋಷವನ್ನು ಕೈಗೆ ಸಿಗುವ ವಸ್ತುಗಳ ಮೂಲಕ ಹಂಚಿಕೊಳ್ಳುವುದು ಮನುಷ್ಯಸಹಜ. ದೇವರೇ ಶರೀರಧಾರಿಯಾಗಿ ಬಂದ ಹಬ್ಬದಲ್ಲಿ ವಸ್ತುಗಳೆಲ್ಲ ಹೇಯವೆಂದು ಹೇಳುವುದು ಸರಿಯೂ ಅಲ್ಲ. ನಾನು ಇಂದು ನಿಮ್ಮ ಮುಂದಿಡುವ ಪ್ರಶ್ನೆ ಬೇರೆ. ಕಳೆದೊಂದು ವರ್ಷದಿಂದ ಅದು ನನ್ನನ್ನೇ ಕಾಡುತ್ತಿದೆ. ಅದನ್ನು ನನಗೆ ಕೇಳಿದವರು ನನ್ನ ಧರ್ಮಕೇಂದ್ರದ ಒಬ್ಬ ತಾಯಿ.

ಅಪ್ಪನ ಗಡಿಯಾರ

ಹಿಂದಿನ ಆಗಮನ ಕಾಲದ ಒಂದು ಭಾನುವಾರ ನಾನು ಕೊಳ್ಳುವಿಕೆಯ ಬಗ್ಗೆಯೇ ಪ್ರಬೋಧನೆ ನೀಡಿದ್ದೆ. ಕೈಯಲ್ಲಿದ್ದ ಗಡಿಯಾರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಅದು ನನ್ನ ತಂದೆಯದು, ಕೀಲಿ ಕೊಡುವ ಎಚ್‌ಎಂಟಿ. ಅವರ ಮದುವೆಗೆ ಮಾವನ ಮನೆಯವರು ಕೊಟ್ಟದ್ದು. ನನ್ನ ವಯಸ್ಸಿಗಿಂತ ಅದರ ವಯಸ್ಸು ಹೆಚ್ಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ತಯಾರಿಕೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಹೋದರೂ ಅದು ಮಾಡಿದ ಗಡಿಯಾರ ಇನ್ನೂ ನಡೆಯುತ್ತಿದೆ. ಅಪ್ಪ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅದಕ್ಕೆ ಕೀಲಿ ಕೊಡುತ್ತಿದ್ದರು. ಈಗ ಆ ಕೆಲಸ ನನ್ನದು.

"ನಾಲ್ಕು ಅಗ್ಗದ ವಸ್ತು ಕೊಳ್ಳುವ ಬದಲು ಒಂದೇ ಒಳ್ಳೆಯದನ್ನು ಕೊಳ್ಳಿ. ಅದನ್ನು ಜೋಪಾನ ಮಾಡಿ, ಮಕ್ಕಳಿಗೆ ಉಳಿಸಿ" ಎಂದೆ. ಜನ ತಲೆದೂಗಿದರು. ಪೂಜೆಯ ನಂತರ ಇಬ್ಬರು ಹಿರಿಯರು ಬಂದು ಕೈಕುಲುಕಿದರು. ಒಳ್ಳೆಯ ಪ್ರಬೋಧನೆ ನೀಡಿದೆನೆಂಬ ತೃಪ್ತಿಯಲ್ಲಿ ಪೂಜಾವಸ್ತ್ರ ಕಳಚಿ ಹೊರಗೆ ಬಂದೆ.

ಒಬ್ಬ ತಾಯಿಯ ಪ್ರಶ್ನೆ

ಬಾಗಿಲ ಬಳಿ ಆ ತಾಯಿ ನಿಂತಿದ್ದರು. ಪಕ್ಕದಲ್ಲಿ ಹತ್ತು ವರ್ಷದ ಮಗ.

"ಫಾದರ್, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಹೇಳಮ್ಮ."

"ನಾನು ಗಾರ್ಮೆಂಟ್ಸಲ್ಲಿ 14 ವರ್ಷದಿಂದ ಹೊಲೀತಿದ್ದೀನಿ. ಕಾಲರ್ ಹೊಲಿಯೋ ಕೆಲಸ. ಒಳ್ಳೇ ಅಂಗಿ ಯಾವುದು, ನಾಲ್ಕು ಒಗೆತಕ್ಕೆ ಹೋಗೋದು ಯಾವುದು ಅಂತ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಆದ್ರೆ ಇವನ ಶೂ ನೋಡಿ. ಫುಟ್‌ಪಾತಲ್ಲಿ 250 ರೂಪಾಯಿ. ಮೂರು ತಿಂಗಳಿಗೆ ಬಾಯಿ ಬಿಡುತ್ತೆ. ಶಾಲೆ ಮುಗಿಯೋದ್ರೊಳಗೆ ಮೂರು ಜೊತೆ ಆಗುತ್ತೆ, 750 ಆಯ್ತು. ಅಂಗಡೀಲಿ 600ಕ್ಕೆ ಒಳ್ಳೇದು ಸಿಗುತ್ತೆ, ವರ್ಷ ಪೂರ್ತಿ ಬರುತ್ತೆ. ಈ ಲೆಕ್ಕ ನನಗೂ ಬರುತ್ತೆ ಫಾದರ್. ಆದ್ರೆ ನಮ್ಮ ಕೈಗೆ 600 ಒಟ್ಟಿಗೆ ಬರೋದೇ ಇಲ್ಲ. 250 ಬರುತ್ತೆ. ಒಳ್ಳೇದು ಒಂದೇ ತಗೊಳ್ಳಿ ಅಂತ ಯಾರಿಗೆ ಹೇಳಿದ್ರಿ ಇವತ್ತು?"

ಕೋಪದ ಮಾತಲ್ಲ ಅದು. ನಿಜವಾಗಿಯೂ ಉತ್ತರ ಬೇಕೆಂದು ಕೇಳಿದ ಪ್ರಶ್ನೆ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎರಡನ್ನೂ ಓದಿದ ನನ್ನ ಬಳಿ ಉತ್ತರವಿರಲಿಲ್ಲ. "ಯೋಚಿಸಿ ಹೇಳ್ತೀನಮ್ಮ" ಎಂದೆ. ಹೊರಡುವ ಮುನ್ನ ಆಕೆ ನನ್ನ ಅಂಗಿಯ ತೋಳಿನ ಕಡೆ ಒಮ್ಮೆ ನೋಡಿ, "ಇದು ಹೊಸದಾ ಫಾದರ್? ಒಳಹೊಲಿಗೆ ಸರಿಯಿಲ್ಲ, ಬಿಚ್ಕೊಳ್ಳುತ್ತೆ" ಎಂದರು.

ಆ ರಾತ್ರಿ ಊಟ ಮುಗಿಸಿ ಕೋಣೆಗೆ ಹೋಗಿ ಬೀರು ತೆರೆದೆ. ಅದೇಕೋ ಎಣಿಸಬೇಕೆನ್ನಿಸಿತು. 23 ಅಂಗಿಗಳಿದ್ದವು. ಗುರುದೀಕ್ಷೆಯ ವಾರ್ಷಿಕೋತ್ಸವಕ್ಕೆ, ನನ್ನ ಪಾಲಕ ಸಂತರ ಹಬ್ಬಕ್ಕೆ, ಮದುವೆ ನಡೆಸಿಕೊಟ್ಟದ್ದಕ್ಕೆ ಜನ ಪ್ರೀತಿಯಿಂದ ಕೊಟ್ಟವು. ಅವುಗಳಲ್ಲಿ ಒಂಬತ್ತನ್ನು ನಾನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದಿರಲೇ ಇಲ್ಲ. ಕಾಲರಿನ ಕೆಳಗಿನ ರಟ್ಟು ಹಾಗೇ ಇತ್ತು, ಗುಂಡುಸೂಜಿ ತುಕ್ಕು ಹಿಡಿದಿತ್ತು. ಎಲ್ಲರ ಮುಂದೆ ಅಪ್ಪನ ಒಂದೇ ಗಡಿಯಾರ ಎತ್ತಿ ತೋರಿಸಿದವನ ಬೀರುವಿನ ಕಥೆ ಇದು. ಪ್ರಬೋಧನೆಯಲ್ಲಿ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಸತ್ಯದ ಅರ್ಧವಷ್ಟೇ ಇತ್ತು. ಉಳಿದ ಅರ್ಧವನ್ನು ಹುಡುಕುವ ಪ್ರಯತ್ನ ಈ ಲೇಖನ.

ಉಪಕರಣಕ್ಕೊಂದು ಮಿತಿ

ಮೊದಲು, ಹೆಚ್ಚು ಕೂಡಿಡುವುದರಲ್ಲಿ ತಪ್ಪೇನು? ದುಡ್ಡು ನನ್ನದು, ಬೀರು ನನ್ನದು, ಇಟ್ಟುಕೊಂಡರೆ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ಇದಕ್ಕೆ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಒಂದು ಸರಳ ವಾದ ಮುಂದಿಟ್ಟಿದ್ದ. ಮನೆಯ ಸೊತ್ತೆಂಬುದು ಬಾಳ್ವೆ ನಡೆಸಲು ಬೇಕಾದ ಉಪಕರಣಗಳ ಸಮೂಹ. ಯಾವ ಕಸುಬಿನ ಉಪಕರಣಕ್ಕೂ ಒಂದು ಮಿತಿಯುಂಟು, ಆ ಮಿತಿಯನ್ನು ನಿಗದಿ ಮಾಡುವುದು ಅದು ಮಾಡಬೇಕಾದ ಕೆಲಸ. ಬಡಗಿಗೆ ಎಷ್ಟು ಉಳಿ ಬೇಕೆಂದು ಮರವೇ ಹೇಳುತ್ತದೆ. ನೂರು ಉಳಿ ಇಟ್ಟುಕೊಂಡ ಬಡಗಿ ಒಳ್ಳೆಯ ಬಡಗಿಯಾಗುವುದಿಲ್ಲ, ಉಳಿ ಹುಡುಕುವುದರಲ್ಲೇ ಅವನ ಹೊತ್ತು ಕಳೆಯುತ್ತದೆ. ಹಾಗೆಯೇ ಒಳ್ಳೆಯ ಬಾಳು ಬಾಳಲು ಎಷ್ಟು ಸೊತ್ತು ಬೇಕೋ ಅದಕ್ಕೂ ಒಂದು ಅಳತೆ ಇದೆ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದರು. ಅನ್ನ, ಬಟ್ಟೆ, ಸೂರಿನಂಥ ಸಹಜ ಸಂಪತ್ತಿನ ಮೇಲಿನ ಆಸೆಗೆ ಕೊನೆಯಿದೆ. ಹೊಟ್ಟೆ ತುಂಬಿದ ಮೇಲೆ ತಟ್ಟೆಯನ್ನು ನಾವೇ ಪಕ್ಕಕ್ಕೆ ಸರಿಸುತ್ತೇವೆ. ಆದರೆ ಮನುಷ್ಯ ಕಲ್ಪಿಸಿಕೊಂಡ ಸಂಪತ್ತಾದ ಹಣದ ಮೇಲಿನ ಆಸೆಗೆ ಕೊನೆಯಿಲ್ಲ, ಏಕೆಂದರೆ ಅದು ಯಾವ ಹಸಿವನ್ನೂ ನೇರವಾಗಿ ತಣಿಸುವಂಥದ್ದಲ್ಲ ಎಂಬುದು ಅವರ ವಿವರಣೆಯ ಸಾರ. ಅವರು ಇನ್ನೂ ಒಂದು ಸೂಕ್ಷ್ಮ ಗಮನಿಸಿದ್ದಾರೆ. ಲೌಕಿಕ ವಸ್ತು ಸಿಗುವ ತನಕ ಅದರ ಮೇಲೆ ಆಸೆ, ಸಿಕ್ಕ ಮೇಲೆ ತಾತ್ಸಾರ. ದೇವರ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು. ಹೆಚ್ಚು ಪಡೆದಷ್ಟೂ ಪ್ರೀತಿ ಹೆಚ್ಚುತ್ತದೆ.

ಇದನ್ನು ನಮ್ಮ ಡಿಸೆಂಬರಿಗೆ ಹೊಂದಿಸಿ ನೋಡಿ. ಅಂಗಿ ಸಹಜ ಸಂಪತ್ತು. ಅದಕ್ಕೊಂದು ಕೆಲಸವಿದೆ, ಆದ್ದರಿಂದ ಅಳತೆಯೂ ಇದೆ. ಆದರೆ ಇಂದಿನ ವ್ಯಾಪಾರ ಅಂಗಿಯನ್ನು ನಮಗೆ ಹಣದಂತೆ ಮಾರುತ್ತದೆ, ಅಂದರೆ ಬರೀ ಎಣಿಕೆಯಾಗಿ ಮಾರುತ್ತದೆ. ಐದು ಕೊಂಡರೆ ಇಷ್ಟು ಉಳಿತಾಯವೆಂದು ಲೆಕ್ಕ ತೋರಿಸುತ್ತದೆ. ಅಂಗಿ ಬೇಕಿತ್ತೇ ಎಂಬ ಪ್ರಶ್ನೆ ಎಲ್ಲೋ ಬಿದ್ದುಹೋಗಿ, ಎಷ್ಟು ಉಳಿಯಿತು ಎಂಬ ಸಂತೋಷ ಮಾತ್ರ ಮನೆಗೆ ಬರುತ್ತದೆ. ಹೀಗೆ ಬಂದ ಅಂಗಿಯನ್ನು ನಾವು ತೊಡುವುದಿಲ್ಲ, ಪೇರಿಸುತ್ತೇವೆ. ನನ್ನ ಬೀರುವಿನಲ್ಲಿದ್ದ ಆ ಒಂಬತ್ತು ಅಂಗಿಗಳು ಯಾರ ಮೈಯನ್ನೂ ಮುಚ್ಚಿರಲಿಲ್ಲ. ಅವು ತಮ್ಮ ಕೆಲಸವನ್ನೇ ಮರೆತಿದ್ದವು.

ನಮ್ಮ ನಾಡಿನ ಒಂದು ಕಥೆ ನಿಮಗೆ ಗೊತ್ತಿರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಎಂಬ ಶರಣ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವನ ಸಾಗಿಸುತ್ತಿದ್ದ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಂದಿಗೆ ಬೇಕಾದದ್ದಕ್ಕಿಂತ ಹೆಚ್ಚಿದ್ದನ್ನು ತಂದಲ್ಲಿಗೇ ಹೋಗಿ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಪವಿತ್ರ ಗ್ರಂಥದ ವಿಮೋಚನಾಕಾಂಡದಲ್ಲಿ ಇಸ್ರಯೇಲರಿಗೆ ದೇವರು ಮನ್ನ ಕೊಟ್ಟಾಗಲೂ ತಲೆಗೆ ಇಷ್ಟೇ ಎಂಬ ಅಳತೆ ಇತ್ತು. ಮೋಶೆಯ ಮಾತು ಕೇಳದೆ ನಾಳೆಗೆಂದು ಇಟ್ಟುಕೊಂಡವರ ಮನ್ನದಲ್ಲಿ ಹುಳು ಬಿದ್ದಿತು. ಮರುಭೂಮಿಯ ಇಸ್ರಯೇಲರೂ ಕಲ್ಯಾಣದ ಲಕ್ಕಮ್ಮನೂ ಒಬ್ಬರನ್ನೊಬ್ಬರು ಅರಿತವರಲ್ಲ. ಆದರೂ ಇಬ್ಬರ ಪಾಠ ಒಂದೇ: ಇಂದಿನ ಅಗತ್ಯವನ್ನು ಮೀರಿ ಕೂಡಿಟ್ಟದ್ದು ಮನೆಗೆ ಆಶೀರ್ವಾದವಾಗಿ ಉಳಿಯುವುದಿಲ್ಲ.

ಗುಣಮಟ್ಟವೇ ಪುಣ್ಯವೇ?

ಸರಿ, ಹಾಗಾದರೆ ಕಡಿಮೆ ಕೊಳ್ಳೋಣ, ಒಳ್ಳೆಯದನ್ನೇ ಕೊಳ್ಳೋಣ. ಅಷ್ಟಕ್ಕೆ ನಾವು ಧರ್ಮವಂತರಾದೆವೇ? ನಾನು ಎಡವಿದ್ದು ಇಲ್ಲೇ.

ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಧನಿಕ ಮತ್ತು ಲಾಜರನ ಸಾಮತಿಯನ್ನು ನೆನೆಯಿರಿ. ಆ ಧನಿಕ ಏನು ತೊಡುತ್ತಿದ್ದ? ಬೆಲೆಬಾಳುವ ಕಡುನೇರಳೆ ಬಣ್ಣದ ಉಡುಪು, ನಯವಾದ ನಾರುಬಟ್ಟೆ. ಗುಣಮಟ್ಟದಲ್ಲಿ ಅವನ ಬಟ್ಟೆಗೆ ಕುಂದು ಹೇಳುವಂತಿರಲಿಲ್ಲ. ಇಂದು ನಾವು ಹೇಳುವ 'ಒಳ್ಳೆಯದನ್ನೇ ಕೊಳ್ಳಿ' ಎಂಬ ಮಾತನ್ನು ಅವನು ಅಕ್ಷರಶಃ ಪಾಲಿಸಿದ್ದ. ಯೇಸುಸ್ವಾಮಿ ಅವನ ಬಟ್ಟೆಯನ್ನು ದೂರಲಿಲ್ಲ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿದ್ದವನ ಕಡೆ ಬೆರಳು ತೋರಿಸಿದರು. ಒಳಗಿನವನ ಉಡುಪು ಎಷ್ಟು ನಯವಾಗಿತ್ತೋ ಹೊರಗಿನವನ ಮೈ ಅಷ್ಟೇ ಒಡೆದಿತ್ತು. ಧನಿಕನ ನಾಶಕ್ಕೆ ಕಾರಣವಾದದ್ದು ಅವನ ಮನೆಯಲ್ಲಿದ್ದ ನೇರಳೆ ಬಟ್ಟೆಗಿಂತ ಹೆಚ್ಚಾಗಿ ಅವನ ಕಣ್ಣಿಗೆ ಬೀಳದೆಹೋದ ಆ ಬಾಗಿಲು.

ಆದ್ದರಿಂದ ಓದುಗರೇ, ಇಲ್ಲಿ ಎರಡು ಹಳ್ಳಗಳಿವೆ. ಒಂದು, ಅಗ್ಗವೆಂದು ರಾಶಿ ಹಾಕುವುದು. ಇನ್ನೊಂದು, 'ನಾವು ಕಂಡಕಂಡದ್ದು ಕೊಳ್ಳುವವರಲ್ಲಪ್ಪ, ಬ್ರ್ಯಾಂಡ್ ಇದ್ದರೆ ಮಾತ್ರ' ಎಂದು ಬೀಗುವುದು. ಮೊದಲನೆಯ ಹಳ್ಳದಿಂದ ಎದ್ದವನು ಎರಡನೆಯದರಲ್ಲಿ ಬೀಳುವುದು ಸುಲಭ. ಏಕೆಂದರೆ ಎರಡನೆಯದು ಸಂಯಮದಂತೆಯೇ ಕಾಣುತ್ತದೆ. ಬೆಲೆಗೂ ಗುಣಕ್ಕೂ ಯಾವಾಗಲೂ ಸಂಬಂಧವಿರುವುದೂ ಇಲ್ಲ. ಇದನ್ನು ನನಗೆ ಕಲಿಸಿದವರು ಅದೇ ತಾಯಿ. ಅಂಗಿ ಒಳ್ಳೆಯದೋ ಎಂದು ತಿಳಿಯಬೇಕಾದರೆ ಹೆಸರಿನ ಚೀಟಿ ನೋಡಬಾರದಂತೆ. ಒಳಮಗ್ಗುಲು ತಿರುಗಿಸಿ ಹೊಲಿಗೆ ಒತ್ತಾಗಿದೆಯೇ, ಅಂಚಿನಲ್ಲಿ ಬಿಚ್ಚಿ ಹೊಲಿಯುವಷ್ಟು ಬಟ್ಟೆ ಬಿಟ್ಟಿದ್ದಾರೆಯೇ, ಗುಂಡಿಯ ದಾರ ಗಟ್ಟಿಯಾಗಿ ಕೂತಿದೆಯೇ ಎಂದು ನೋಡಬೇಕಂತೆ.

ಪೋಪ್ ಸಂತ ಎರಡನೆಯ ಜಾನ್ ಪೌಲರು 1987ರ ಡಿಸೆಂಬರ್ 30ರಂದು, ಕ್ರಿಸ್ಮಸ್ ವಾರದಲ್ಲೇ, ಸಾಮಾಜಿಕ ಕಾಳಜಿಯನ್ನು ಕುರಿತು ಒಂದು ವಿಶ್ವಪರಿಪತ್ರ ಹೊರಡಿಸಿದರು. ವಸ್ತುಗಳನ್ನು ಹೊಂದಿರುವುದೇ ಕೆಡುಕಲ್ಲ ಎಂದು ಅದರಲ್ಲಿ ಅವರು ಸ್ಪಷ್ಟವಾಗಿ ಹೇಳುತ್ತಾರೆ. ನಮ್ಮಲ್ಲಿರುವವುಗಳ ಗುಣವನ್ನೂ, ಯಾವುದು ಮೊದಲು ಯಾವುದು ನಂತರ ಎಂಬ ಕ್ರಮವನ್ನೂ ಗಮನಿಸದೆ ಹೊಂದಿರುವುದು ಕೆಡುಕು. ಆ ಗುಣ ಎಲ್ಲಿಂದ ಬರುತ್ತದೆ? ವಸ್ತು ಮನುಷ್ಯನ ಇರವಿಗೆ, ಅವನ ನಿಜವಾದ ಕರೆಗೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದರಿಂದ. ಒಂದು ವಸ್ತುವನ್ನು ಎಸೆಯುವಾಗ ಅದಕ್ಕಿನ್ನೂ ಬಾಳಿಕೆ ಇದೆಯೇ, ನಮಗಿಂತ ಬಡವರೊಬ್ಬರಿಗೆ ಅದು ಬೇಕಾಗಿತ್ತೇ ಎಂಬ ಯೋಚನೆಯೂ ನಮಗೆ ಬಾರದ ಸ್ಥಿತಿಯನ್ನು ಅವರು ಅಲ್ಲೇ ಎತ್ತಿ ತೋರಿಸುತ್ತಾರೆ. ಹೀಗೆ ನೋಡಿದರೆ ಗುಣಮಟ್ಟವೆಂಬುದು ಬಟ್ಟೆಯ ಎಳೆಯಲ್ಲಷ್ಟೇ ಇಲ್ಲ. ಆ ಬಟ್ಟೆ ನನ್ನನ್ನೂ ನೆರೆಯವನನ್ನೂ ಮನುಷ್ಯರಾಗಿ ಉಳಿಸುತ್ತದೆಯೇ ಎಂಬ ಪ್ರಶ್ನೆಯಲ್ಲೂ ಇದೆ.

ಅಗ್ಗದ ಬೆಲೆ ತೆತ್ತವರು

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರಿನಲ್ಲಿ ರಾನಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಅದರಲ್ಲಿ ಹಲವು ಸಿದ್ಧ ಉಡುಪು ಕಾರ್ಖಾನೆಗಳಿದ್ದವು. 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಮರುದಿನ ಕೆಲಸಗಾರರನ್ನು ಒಳಗೆ ಕಳಿಸಲಾಯಿತು. ಒಂದು ವಾರದ ನಂತರ, ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ದಿನ ಪೋಪ್ ಫ್ರಾನ್ಸಿಸರು ಅಲ್ಲಿನವರ ಸಂಬಳ ತಿಂಗಳಿಗೆ 38 ಯೂರೋ ಎಂದು ಓದಿ ಬೆಚ್ಚಿಬಿದ್ದುದನ್ನು ಹೇಳಿಕೊಂಡು, ಇದು ಗುಲಾಮಗಿರಿಯೇ ಸರಿ ಎಂದರು. ಅಂಗಿಯ ಬೆಲೆ ತೀರಾ ಇಳಿದಾಗ ಉಳಿದ ಬೆಲೆಯನ್ನು ಎಲ್ಲೋ ಯಾರೋ ತೆರುತ್ತಿರುತ್ತಾರೆ.

ಇದನ್ನು ಹೇಳಿ ಅಗ್ಗದ ಅಂಗಿ ಕೊಳ್ಳುವವರನ್ನೆಲ್ಲ ಪಾಪಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಬೆಂಗಳೂರಿನಲ್ಲೇ ಸಾವಿರಾರು ಹೆಣ್ಣುಮಕ್ಕಳು ಬೆಳಿಗ್ಗೆ ಬೇಗ ಎದ್ದು, ಬುತ್ತಿ ಕಟ್ಟಿಕೊಂಡು, ಪೀಣ್ಯ, ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುತ್ತಾರೆ. ದೂರದೇಶದವರು ತೊಡುವ ಒಳ್ಳೆಯ ಅಂಗಿಗಳನ್ನು ಅವರು ಹೊಲಿಯುತ್ತಾರೆ. ಸಂಜೆ ಬರುವಾಗ ತಮ್ಮ ಮಕ್ಕಳಿಗೆ ಫುಟ್‌ಪಾತಿನಿಂದ ಅಂಗಿ ತರುತ್ತಾರೆ. ಒಳ್ಳೆಯದನ್ನು ಮಾಡುವ ಕೈ, ಒಳ್ಳೆಯದನ್ನು ಗುರುತಿಸುವ ಕಣ್ಣು ಎರಡೂ ಅವರಿಗಿವೆ. ಒಳ್ಳೆಯದನ್ನು ಕೊಳ್ಳುವ ಮೊತ್ತ ಮಾತ್ರ ಒಟ್ಟಿಗೆ ಕೈಗೆ ಬರುವುದಿಲ್ಲ. ಬಡವರು ಅಗ್ಗದ್ದನ್ನು ಕೊಳ್ಳುವುದು ಆಸೆಬುರುಕತನದಿಂದಲ್ಲ. ಅವರ ಬಡತನವೇ ಅವರಿಂದ ಹೆಚ್ಚು ಬೆಲೆ ವಸೂಲು ಮಾಡುತ್ತದೆ. 600 ಇಲ್ಲದವರು 750 ಕಟ್ಟುತ್ತಾರೆ.

ಎರಡು ಅಂಗಿ ಇರುವವನು

ಆ ತಾಯಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿದ್ದು ಆಗಮನ ಕಾಲದ ಶುಭಸಂದೇಶದಲ್ಲೇ. ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ಮೂರನೆಯ ಭಾನುವಾರ ನಾವು ಲೂಕನ ಶುಭಸಂದೇಶದ 3ನೆಯ ಅಧ್ಯಾಯದಿಂದ ಒಂದು ಭಾಗ ಓದುತ್ತೇವೆ. ನಾವೇನು ಮಾಡಬೇಕೆಂದು ಜನ ಸ್ನಾನಿಕ ಯೊವಾನ್ನರನ್ನು ಕೇಳುತ್ತಾರೆ. ಯೊವಾನ್ನರು ಉಪವಾಸ ಮಾಡಿ, ಅಡವಿಗೆ ಬನ್ನಿ, ನನ್ನಂತೆ ಒಂಟೆಯ ತುಪ್ಪಟದ ಉಡುಪು ತೊಡಿ ಎನ್ನುವುದಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎನ್ನುತ್ತಾರೆ. ಪ್ರಭುವಿನ ದಾರಿಯನ್ನು ಸಿದ್ಧಪಡಿಸುವ ಕೆಲಸ ಅವರ ಪ್ರಕಾರ ಬೀರುವಿನಿಂದ ಶುರುವಾಗುತ್ತದೆ.

ನಾಲ್ಕನೆಯ ಶತಮಾನದಲ್ಲಿ ಸಿಜೇರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬಾಸಿಲರು ಇದನ್ನೇ ಇನ್ನೂ ಕಟುವಾಗಿ ಹೇಳಿದರು. ಪೆಟ್ಟಿಗೆಯಲ್ಲಿ ಇಟ್ಟಿರುವ ಮೇಲುಹೊದಿಕೆ ಬೆತ್ತಲೆಯಿರುವವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಪಾದರಕ್ಷೆ ಬರಿಗಾಲಿನವನದು ಎಂಬುದು ಅವರ ಬೋಧನೆಯ ತಿರುಳು. ಅಂದರೆ ಅದನ್ನು ಕೊಡುವುದು ಔದಾರ್ಯವೂ ಅಲ್ಲ, ಸಾಲ ತೀರಿಸಿದಂತೆ. ಸಂತ ಥಾಮಸರು ಇದಕ್ಕೆ ತಕ್ಕ ವಿಂಗಡಣೆ ಕೊಟ್ಟರು. ಸೊತ್ತನ್ನು ಸಂಪಾದಿಸುವ, ನೋಡಿಕೊಳ್ಳುವ ಅಧಿಕಾರ ವ್ಯಕ್ತಿಗೆ ಉಂಟು. ಆದರೆ ಬಳಕೆಯ ವಿಷಯ ಬಂದಾಗ ಅದನ್ನು ಎಲ್ಲರಿಗೂ ಸೇರಿದ್ದೆಂಬಂತೆ ಕಾಣಬೇಕು, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು.

ಈಗ ಉತ್ತರ ಹೇಳಬಲ್ಲೆ. 'ಕಡಿಮೆ ಕೊಳ್ಳಿ, ಒಳ್ಳೆಯದನ್ನು ಕೊಳ್ಳಿ' ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ಕೈಯಲ್ಲಿ ಮೊತ್ತವಿರುವ ನಮಗೆ ಅದು ಕರ್ತವ್ಯ. ಮೊತ್ತವಿಲ್ಲದವರಿಗೆ ಅದು ಇನ್ನೂ ದಕ್ಕದಿರುವ ಹಕ್ಕು. ನಾಲ್ಕರ ಬದಲು ಒಂದು ಕೊಂಡು ನಾನು ಉಳಿಸಿದ ಹಣವನ್ನು ನನ್ನ ಖಾತೆಯಲ್ಲೇ ಇಟ್ಟುಕೊಂಡರೆ ನಾನು ಜಾಣ ಗಿರಾಕಿಯಾದೆನೇ ಹೊರತು ಕ್ರೈಸ್ತನಾಗಲಿಲ್ಲ. ಉಳಿದದ್ದು ಆ ಹುಡುಗನ ಶೂ ಆದಾಗ ಲೆಕ್ಕ ಪೂರ್ತಿಯಾಗುತ್ತದೆ.

ಇನ್ನೂ ಒಂದು ಮಾತು. ಪ್ರತಿ ಡಿಸೆಂಬರಿನಲ್ಲಿ ದೇವಾಲಯದ ಬಾಗಿಲಲ್ಲಿ ಬಡವರಿಗೆಂದು ಒಂದು ದೊಡ್ಡ ಪೆಟ್ಟಿಗೆ ಇಡುತ್ತೇವೆ. ಅದು ಬೇಗನೆ ತುಂಬಿಹೋಗುತ್ತದೆ. ಆದರೆ ಬಿಚ್ಚಿ ನೋಡಿದವರಿಗೆ ಗೊತ್ತು: ಜಿಪ್ ಹೋದ ಪ್ಯಾಂಟು, ಕಂಕುಳಲ್ಲಿ ಹರಿದ ರವಿಕೆ, ಒಂಟಿ ಚಪ್ಪಲಿ. ವಿಂಗಡಿಸಲು ಕೂತ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಅರ್ಧಕ್ಕರ್ಧ ಕಸಕ್ಕೆ ಹಾಕುತ್ತಾರೆ. ಕೊಳ್ಳುವಾಗ ಗುಣ ನೋಡುವ ನಾವು ಕೊಡುವಾಗ ಎಣಿಕೆ ನೋಡುತ್ತೇವೆ. ಹತ್ತು ಬಟ್ಟೆ ಕೊಟ್ಟೆ ಎಂದು ಹೇಳಿಕೊಳ್ಳುತ್ತೇವೆ. ಸ್ನಾನಿಕ ಯೊವಾನ್ನರು ಹಳೆಯದನ್ನು ಕೊಡಿ ಎಂದಿಲ್ಲ. ಎರಡರಲ್ಲಿ ಒಂದನ್ನು ಎಂದರು. ಅವೆರಡೂ ಒಳ್ಳೆಯವೇ ಆಗಿದ್ದಿರಬೇಕು.

ನಾನು ನನ್ನ ಒಂಬತ್ತು ಅಂಗಿಗಳನ್ನು ಆ ತಾಯಿಯ ಮುಂದಿಟ್ಟೆ. ಯಾರಿಗೆ ಕೊಡಬೇಕೆಂದು ಕೇಳಿದೆ. ಆಕೆ ಒಂದೊಂದನ್ನೂ ತಿರುಗಿಸಿ ನೋಡಿ, ಐದನ್ನು ಒಂದು ಕಡೆ, ನಾಲ್ಕನ್ನು ಇನ್ನೊಂದು ಕಡೆ ಇಟ್ಟರು. "ಈ ಐದು ಕೊಡಬಹುದು ಫಾದರ್. ಈ ನಾಲ್ಕಕ್ಕೆ ಹೊಲಿಗೆ ಹಾಕಿ ಕೊಡ್ತೀನಿ, ಆಮೇಲೆ ಕೊಡೋಣ" ಎಂದರು. ಅನಂತರ ಆಕೆಯೇ ಒಂದು ದಾರಿ ತೋರಿಸಿದರು. "ನಮಗೆ ದಾನ ಬೇಡ. ಒಟ್ಟಿಗೆ ಕೊಡೋ ದುಡ್ಡನ್ನ ಯಾರಾದ್ರೂ ಮೊದಲು ಹಾಕಿದ್ರೆ, ತಿಂಗಳು ತಿಂಗಳು ನಾವೇ ತೀರಿಸ್ತೀವಿ." ಹಾಗೆ ನಮ್ಮ ಧರ್ಮಕೇಂದ್ರದಲ್ಲಿ ಒಂದು ಪುಟ್ಟ ನಿಧಿ ಹುಟ್ಟಿತು. ಹಬ್ಬದ ಖರೀದಿಯಲ್ಲಿ ಉಳಿಸಿದ್ದನ್ನು ಕೆಲವು ಕುಟುಂಬಗಳು ಅದಕ್ಕೆ ಹಾಕಿದವು. ಶಾಲೆ ತೆರೆಯುವ ಹೊತ್ತಿಗೆ ಬೇಕಾದವರಿಗೆ ಶೂಗೆಂದು 600 ರೂಪಾಯಿ, ತಿಂಗಳಿಗೆ 60ರಂತೆ ಹತ್ತು ಕಂತು, ಬಡ್ಡಿಯಿಲ್ಲ. ಮೊದಲ ವರ್ಷ 11 ಕುಟುಂಬಗಳು ಬಂದವು.

ದಾರಿ ತೋರಿಸಿದ ಆ ತಾಯಿಯೇ ಬರಲಿಲ್ಲ. ಆ ತಿಂಗಳು ಅತ್ತೆಯ ಔಷಧಿಗೆ ಸಾಲ ಮಾಡಿದ್ದರಂತೆ. ತಿಂಗಳಿಗೆ 60 ರೂಪಾಯಿಯ ಇನ್ನೊಂದು ಸಾಲ ಬೇಡವೆಂದರು. ಅವರ ಮಗ ಈ ವರ್ಷವೂ ಫುಟ್‌ಪಾತಿನ ಶೂ ತೊಟ್ಟೇ ಶಾಲೆಗೆ ಹೋದ. ಇದನ್ನು ಮುಚ್ಚಿಟ್ಟು, ಎಲ್ಲ ಸರಿಹೋಯಿತೆಂದು ನಿಮಗೆ ಹೇಳಲಾರೆ. ನಿಧಿಯೊಂದು ನ್ಯಾಯಕ್ಕೆ ಬದಲಿಯಾಗುವುದಿಲ್ಲ. ಅಂಗಿ ಹೊಲಿಯುವವರಿಗೆ ಅಂಗಿ ಕೊಳ್ಳುವಷ್ಟು ಕೂಲಿ ಸಿಗುವ ತನಕ ನಮ್ಮ ಕೆಲಸ ಅರ್ಧವೇ.

ಹೊಲಿಗೆಯಿಲ್ಲದ ಅಂಗಿ

ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬಟ್ಟೆಯ ಮಾತು ಜನನದಲ್ಲೂ ಬರುತ್ತದೆ, ಮರಣದಲ್ಲೂ ಬರುತ್ತದೆ. ಹುಟ್ಟಿದಾಗ ತಾಯಿ ಮರಿಯಮ್ಮ ಅವರನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಶಿಲುಬೆಯ ಬುಡದಲ್ಲಿ ಸೈನಿಕರು ಅವರ ಬಟ್ಟೆಗಳನ್ನು ಹಂಚಿಕೊಂಡಾಗ ಒಳಂಗಿಯೊಂದನ್ನು ಮಾತ್ರ ಹರಿಯಲಿಲ್ಲ. ಅದು ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ನೇಯ್ದದ್ದು, ಹೊಲಿಗೆಯೇ ಇರಲಿಲ್ಲ ಎಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ತಲೆಯಿಡಲು ಸ್ಥಳವಿಲ್ಲದ ನಮ್ಮ ಪ್ರಭುವಿಗೆ ಒಂದು ಒಳ್ಳೆಯ ಅಂಗಿ ಇತ್ತು. ನೇಯ್ದವರು ಯಾರೆಂದು ಶುಭಸಂದೇಶ ತಿಳಿಸುವುದಿಲ್ಲ. ಯಾರದೋ ಕೈಗಳು ಪ್ರೀತಿಯಿಂದ, ಹೊತ್ತು ಕೊಟ್ಟು ಅದನ್ನು ನೇಯ್ದಿರಬೇಕು. ಅವರು ಅದನ್ನು ತೊಟ್ಟರು, ಸವೆಸಿದರು, ಅದರಲ್ಲೇ ನಡೆದರು. ಅದರ ಅಂಚನ್ನೋ ಮೇಲುಹೊದಿಕೆಯ ಅಂಚನ್ನೋ ಮುಟ್ಟಿದ ರೋಗಿಗಳು ಗುಣವಾದರು. ಕೊನೆಯಲ್ಲಿ ಅದನ್ನೂ ಬಿಟ್ಟುಕೊಟ್ಟರು.

ಒಳ್ಳೆಯ ವಸ್ತುವನ್ನು ಹೊಂದುವುದು ಹೇಗೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಮಾದರಿ ನನಗೆ ಕಾಣದು. ಮಾಡಿದವರ ಶ್ರಮವನ್ನು ಗೌರವಿಸುವುದು, ಪೂರ್ತಿ ಬಳಸುವುದು, ಬೇಕಾದಾಗ ಕೈಬಿಡುವುದು. ಈ ಸಲ ಗೋದಲಿ ಕಟ್ಟುವಾಗ ಬಾಲಯೇಸುವನ್ನು ಸುತ್ತಿದ ಆ ಚಿಕ್ಕ ಬಟ್ಟೆಯನ್ನು ಒಂದು ಗಳಿಗೆ ನೋಡಿ. ಮಗುವಿಗೆ ಚಳಿಯಾಗದಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಈ ವಾರ ಮನೆಯವರೆಲ್ಲ ಕೂತು

ಜಪಸರ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ದೊಡ್ಡವರು ಮೊದಲು ಉತ್ತರಿಸಲಿ, ಮಕ್ಕಳು ಕೇಳಲಿ.

ಕಳೆದ ಕ್ರಿಸ್ಮಸ್‌ನಿಂದ ಇಂದಿನವರೆಗೆ ಒಮ್ಮೆಯೂ ಮುಟ್ಟದ ಯಾವ ವಸ್ತು ನಮ್ಮ ಬೀರುವಿನಲ್ಲಿದೆ? ಅದು ಯಾರಿಗೆ ಸೇರಬೇಕಾದದ್ದು?

ಈ ಹಬ್ಬಕ್ಕೆ ಕೊಳ್ಳಬೇಕೆಂದಿರುವವುಗಳಲ್ಲಿ ಯಾವುದನ್ನು ಬಿಟ್ಟರೂ ನಮ್ಮ ಸಂತೋಷ ಕಡಿಮೆಯಾಗುವುದಿಲ್ಲ? ಹಾಗೆ ಉಳಿದ ಹಣ ಎಲ್ಲಿಗೆ ಹೋಗಲಿ?

ನಾವು ತೊಟ್ಟಿರುವ ಬಟ್ಟೆಯನ್ನು ಹೊಲಿದವರು, ಮನೆಗೆ ತಂದುಕೊಟ್ಟವರು ಈ ಕ್ರಿಸ್ಮಸ್‌ನಲ್ಲಿ ಏನು ಉಣ್ಣುತ್ತಾರೆ?

ದಾನದ ಪೆಟ್ಟಿಗೆಗೆ ಹಾಕುವ ಬಟ್ಟೆಯನ್ನು ನಮ್ಮ ಮಗುವಿಗೆ ನಾವೇ ಹಬ್ಬದ ದಿನ ತೊಡಿಸುತ್ತಿದ್ದೆವೇ?

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ನಾನಿನ್ನೂ ಅಪ್ಪನ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ಆದರೆ ಅದನ್ನು ಯಾರಿಗೂ ಎತ್ತಿ ತೋರಿಸುವುದನ್ನು ಬಿಟ್ಟಿದ್ದೇನೆ. ನಿಮಗೂ ನಿಮ್ಮ ಮನೆಯವರಿಗೂ, ನಿಮ್ಮ ಬಾಗಿಲ ಬಳಿ ನಿಂತವರಿಗೂ ಕ್ರಿಸ್ತಜಯಂತಿ ಶುಭ ತರಲಿ.